ಸೀಸೆಯೊಳಗಿನ ಇರುವೆ

ನಮ್ಮ ಪ್ರೊಫೆಸರರು ತೀರಿಕೊಂಡ ಸುದ್ದಿ ಬಂದ ಮೂರನೆಯ ದಿನ, ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಅರ್ಧ ಪುಟ ಬರೆದುಕೊಡಬೇಕೆಂದು ಸಂಪಾದಕರು ನನ್ನನ್ನು ಕೇಳಿದರು. ಅವರ ಕೈಕೆಳಗೆ ಒಂಬತ್ತು ವರ್ಷ ದುಡಿದವನು ನಾನೊಬ್ಬನೇ. ಉಳಿದವರು ಬುದ್ಧಿವಂತರು, ಬೇಗ ಬೇರೆ ಕಡೆ ಹೋಗಿದ್ದರು. ಬರೆದುಕೊಟ್ಟೆ. ‘ಶಿಸ್ತಿನ ಸಿಪಾಯಿ’ ಎಂದು ಒಮ್ಮೆ, ‘ಜ್ಞಾನದಾಹಿ’ ಎಂದು ಎರಡು ಸಲ, ಕೊನೆಗೆ ‘ತುಂಬಲಾರದ ನಷ್ಟ’ ಎಂದು ಬರೆದೆ. ಅವರು ನಿವೃತ್ತರಾದ ಮರುವಾರವೇ ಮೂಡುಬಿದಿರೆಯಿಂದ ಬಂದ ಒಬ್ಬ ಹುಡುಗಿ ಆ ನಷ್ಟವನ್ನು ತುಂಬಿದ್ದಳು, ಮಕ್ಕಳಿಗೆ ಅರ್ಥವಾಗುವಂತೆ ಪಾಠವನ್ನೂ ಮಾಡುತ್ತಿದ್ದಳು. ಅದನ್ನು ಬರೆಯಲಿಲ್ಲ. ಅಷ್ಟರಲ್ಲಿ ಅರ್ಧ ಪುಟ ಮುಗಿದಿತ್ತು.

ಇದು ಉಳಿದ ಭಾಗ. ಇಲ್ಲಿ ಅವರ ಹೆಸರು ಹೇಳುವುದಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದೆಂಬ ಸಂಸ್ಕಾರದಿಂದಲ್ಲ, ಬರೀ ಹೆದರಿಕೆಯಿಂದ. ಈ ನಾಲ್ಕು ಸಾಲು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ಬಾಗಿಲಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿ ಬಂದಿದ್ದೇನೆ. “ಯಾರು ಬರುವವರಿದ್ದಾರೆ?” ಎಂದು ಹೆಂಡತಿ ಕೇಳಿದಳು. “ಯಾರೂ ಇಲ್ಲ” ಎಂದೆ. “ಹಾಗಾದರೆ ಕೂತುಕೊಳ್ಳಿ ಮಾರಾಯ್ರೆ, ನೆಲ ಒರೆಸಿದ್ದೇನೆ” ಎಂದಳು.

ಅವರು ಉಡುಪಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರು. ನಾನು ಅಲ್ಲಿಯ ಡೆಮಾನ್‌ಸ್ಟ್ರೇಟರ್. ಅಂದರೆ ಮಕ್ಕಳಿಗೆ ಸೂಕ್ಷ್ಮದರ್ಶಕ ಹಿಡಿದು ತೋರಿಸುವವನು, ಅದು ಒಡೆದರೆ ಬೈಸಿಕೊಳ್ಳುವವನು. ನನ್ನದು ತಾತ್ಕಾಲಿಕ ನೇಮಕ. ವರ್ಷಕ್ಕೊಮ್ಮೆ ನನ್ನ ವರದಿಯ ಒಂದು ಅಂಕಣದಲ್ಲಿ ಅವರು ‘ತೃಪ್ತಿಕರ’ ಎಂದು ಬರೆದರೆ ಜೂನ್‌ನಲ್ಲಿ ಮತ್ತೆ ಕೆಲಸ, ಬರೆಯದಿದ್ದರೆ ಕಾಪುವಿನ ಮನೆಯಲ್ಲಿ ಅಮ್ಮ ಮತ್ತು ಮದುವೆಗೆ ಬಂದ ಇಬ್ಬರು ತಂಗಿಯರ ಮುಖ ನೋಡುತ್ತಾ ಕೂರುವುದು. ಐದು ವರ್ಷ ಹೀಗೆ ಬರೆಸಿಕೊಂಡರೆ ಖಾಯಂ. ನಾನು ಕೊಂಕಣಿ ಮನೆಯವನು, ಕ್ರಿಸ್ತುವ. ಆ ಐದು ವರ್ಷ ನಾನು ಸಲ್ಲಿಸಿದ ಪ್ರಾರ್ಥನೆಯಲ್ಲಿ ಸ್ವರ್ಗದ ಪ್ರಸ್ತಾಪ ಕಡಿಮೆ, ಆ ಅಂಕಣದ್ದೇ ಹೆಚ್ಚು.

ಗಂಜಿ ಹಾಕಿದ ಬಿಳಿ ತುಂಬುತೋಳಿನ ಅಂಗಿ, ಅದರ ಕಿಸೆಯಲ್ಲಿ ಒಂದು ಬೆಳ್ಳಿಯ ನಶ್ಯದ ಡಬ್ಬಿ. ಅವರನ್ನು ನೆನೆದರೆ ಮೊದಲು ಕಾಣುವುದು ಡಬ್ಬಿಯೇ. ಏನನ್ನಾದರೂ ಹೇಳುವ ಮೊದಲು ಅದನ್ನು ತೆಗೆದು, ಮುಚ್ಚಳದ ಮೇಲೆ ಎರಡು ಸಲ ತಟ್ಟಿ, ಒಂದು ಚಿಟಿಕೆ ಎಳೆದು, ಬೆರಳನ್ನು ಕರವಸ್ತ್ರಕ್ಕೆ ಒರೆಸಿ, ಆಮೇಲೆ ಹೇಳುತ್ತಿದ್ದರು. ಅಷ್ಟು ಹೊತ್ತು ಕಾದ ಮೇಲೆ ಬರುತ್ತಿದ್ದ ಮಾತು ಸಾಮಾನ್ಯವಾಗಿ “ಹೂಂ” ಎಂಬುದು. ಒಂದು ಪೀರಿಯಡ್‌ಗೆ ಎಷ್ಟು ಚಿಟಿಕೆ ಎಂದು ಹಿಂದಿನ ಬೆಂಚಿನವರು ಪಂಥ ಕಟ್ಟುತ್ತಿದ್ದರು.

ಸಸ್ಯಶಾಸ್ತ್ರದ ಪ್ರೊಫೆಸರರಾಗಿ ಅವರು ಹುಲ್ಲಿನ ಮೇಲೆ ಕಾಲಿಟ್ಟದ್ದನ್ನು ನಾನು ಕಂಡಿಲ್ಲ. ಮಕ್ಕಳನ್ನು ಗಿಡ ನೋಡಲು ಹೊರಗೆ ಕರೆದುಕೊಂಡು ಹೋದರೆ ಇವರು ಬಸ್ಸಿನ ಮೆಟ್ಟಿಲಲ್ಲೇ ನಿಂತು ಕೊಡೆಯ ತುದಿಯಿಂದ ತೋರಿಸಿ ಲ್ಯಾಟಿನ್ ಹೆಸರು ಹೇಳುತ್ತಿದ್ದರು. ಅಷ್ಟು ದೂರದಿಂದ ಹೇಳಿದ ಹೆಸರು ಎಷ್ಟೋ ಸಲ ಪಕ್ಕದ ಗಿಡದ್ದಾಗಿರುತ್ತಿತ್ತು. ಅದನ್ನು ತಿದ್ದುವ ಧೈರ್ಯ ನನಗಿರಲಿಲ್ಲ. ಹೀಗಾಗಿ ಉಡುಪಿ ತಾಲೂಕಿನಲ್ಲಿ ಕೆಲವು ಗಿಡಗಳ ಹೆಸರನ್ನು ತಪ್ಪಾಗಿ ಕಲಿತ ಒಂದು ಪೀಳಿಗೆಯೇ ಉಂಟು. ಅವರಲ್ಲಿ ಹಲವರು ಈಗ ಮೇಷ್ಟ್ರುಗಳು.

“ಪ್ರಕೃತಿ ಎಂದರೆ ಕೊಳಕು” ಎನ್ನುತ್ತಿದ್ದರು. “ವಿಜ್ಞಾನ ಎಂದರೆ ಅದನ್ನು ತೊಳೆಯುವುದು.” ಇದನ್ನು ಅವರು ಹೇಳಿದಾಗಲೆಲ್ಲ ನಾನು ತಲೆಯಾಡಿಸಿದ್ದೇನೆ. ಒಮ್ಮೆ ಬರೆದುಕೊಂಡೂ ಇದ್ದೇನೆ, ಅವರಿಗೆ ಕಾಣುವ ಹಾಗೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ಅವರಿಗೆ ಅಮೆರಿಕದಿಂದ ಒಂದು ಲಕೋಟೆ ಬಂತು. ಹುಳ ತಿನ್ನುವ ಗಿಡಗಳನ್ನು ಹವ್ಯಾಸಕ್ಕೆ ಬೆಳೆಸುವ ಯಾರೋ ಒಬ್ಬರು ಅದರಲ್ಲಿ ಅರುವತ್ತು ಬೀಜ ಕಳಿಸಿದ್ದರು. ಎಳ್ಳಿಗಿಂತ ಚಿಕ್ಕ, ಕಪ್ಪು, ಮಿರಮಿರ ಮಿನುಗುವ ಬೀಜಗಳು. ಎಲೆಯ ಎರಡು ಹೋಳುಗಳನ್ನು ಬಾಯಿಯಂತೆ ಮುಚ್ಚಿ ನೊಣವನ್ನು ಹಿಡಿಯುವ ಗಿಡದವು. ಅದರ ಚಿತ್ರ ನಮ್ಮ ಪಠ್ಯಪುಸ್ತಕದಲ್ಲಿತ್ತು, ಗಿಡವನ್ನು ಈ ಕರಾವಳಿಯಲ್ಲಿ ಯಾರೂ ನೋಡಿರಲಿಲ್ಲ.

ಹುಳ ತಿನ್ನುವ ಗಿಡ ನಮಗೆ ಹೊಸತಲ್ಲ. ಮಳೆ ಹಿಡಿದರೆ ಮಣಿಪಾಲದಿಂದ ಅಜೆಕಾರಿನವರೆಗೆ ಯಾವ ಪಾದೆಯ ಮೇಲೆ, ಅಂದರೆ ಮುರಕಲ್ಲಿನ ಬಯಲು ಬಂಡೆಯ ಮೇಲೆ, ಬೇಕಾದರೂ ಬಗ್ಗಿ ನೋಡಬಹುದು. ಬೆರಳುದ್ದದ ಕೆಂಪು ಗಿಡ, ಎಲೆಯ ತುಂಬ ಕೂದಲು, ಕೂದಲ ತುದಿಯಲ್ಲಿ ಅಂಟಿನ ಹನಿ. ಇರುವೆಯೋ ಸೊಳ್ಳೆಯೋ ಸಿಕ್ಕಿದರೆ ಎಲೆ ಮೆಲ್ಲಗೆ ಸುತ್ತಿಕೊಳ್ಳುತ್ತದೆ. ನಾನು ಅದನ್ನು ನೆನಪಿಸಿದೆ. ಅವರು ತಟ್ಟಿ, ಎಳೆದು, ಒರೆಸಿಕೊಂಡು ಹೇಳಿದರು: “ಅದು ಕಾಟು ಗಿಡ. ದನ ತುಳಿಯುವಂಥದ್ದು.”

ಅಮೆರಿಕದ ಗಿಡವನ್ನು ಮಣ್ಣಿನಲ್ಲಿ ಬೆಳೆಸಲು ಅವರು ಒಪ್ಪಲಿಲ್ಲ. ಮಣ್ಣಿನಲ್ಲಿ ಬಿತ್ತಿದರೆ ಒಂದು ಬೀಜಕ್ಕೆ ಒಂದೇ ಗಿಡ. ಸೀಸೆಯೊಳಗೆ ಬೆಳೆಸಿದರೆ ಅದರ ಎಲೆ ಕತ್ತರಿಸಿ ಮತ್ತೆ ಸೀಸೆಗೆ ಹಾಕಿ ನೂರು ಗಿಡ ಮಾಡಬಹುದು ಎಂದು ಅವರು ಓದಿದ್ದರು. ವಿಧಾನ ಕೇಳಲು ಸುಲಭ. ಚೀನಾ ಗ್ರಾಸ್ ಕುದಿಸಿ, ಅದಕ್ಕೆ ಸಕ್ಕರೆ, ನಾಲ್ಕು ಲವಣ, ಸ್ವಲ್ಪ ಬೊಂಡದ ನೀರು, ಅಂದರೆ ಎಳನೀರು, ಸೇರಿಸಿ ಲೋಳೆ ಮಾಡಬೇಕು. ನಮ್ಮ ಮನೆಯಲ್ಲಿ ಹಬ್ಬಕ್ಕೆ ಮಾಡುವ ಪುಡ್ಡಿಂಗಿಗೂ ಅದಕ್ಕೂ ವ್ಯತ್ಯಾಸ ಬಹಳ ಇರಲಿಲ್ಲ. ಅದನ್ನು ಜಾಮಿನ ಸೀಸೆಗೆ ತುಂಬಿ, ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿ ಎಲ್ಲ ಜೀವಾಣುವನ್ನೂ ಕೊಲ್ಲಬೇಕು. ಬೀಜವನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆದು, ಸ್ಪಿರಿಟ್ ದೀಪದ ಉರಿಯ ಪಕ್ಕದಲ್ಲಿ ಚಿಮಟದಿಂದ ಸೀಸೆಯೊಳಗೆ ಇಳಿಸಿ ಮುಚ್ಚಬೇಕು. ಆಮೇಲೆ ಒಳಗೆ ಗಾಳಿಯ ಒಂದು ಕಣ, ಧೂಳಿನ ಒಂದು ಕಣ ಹೋಗಬಾರದು. ಹೋದರೆ ಸಕ್ಕರೆಯ ಲೋಳೆಯನ್ನು ಗಿಡಕ್ಕಿಂತ ಮೊದಲು ಬೂಷ್ಟು ತಿನ್ನುತ್ತದೆ.

ಮಳೆಗಾಲದಲ್ಲಿ ಕನ್ನಡಕದ ಗಾಜಿಗೂ ಬೂಷ್ಟು ಬರುವ ಊರಿನಲ್ಲಿ ಅವರು ಇದನ್ನು ಮಣಿಪಾಲದ ಇಳಿಜಾರಿನ ತಮ್ಮ ಬಾಡಿಗೆ ಮನೆಯಲ್ಲಿ ಮಾಡಲು ಹೊರಟರು. ಕಾಲೇಜಿನಲ್ಲಿ ಮಾಡಿದರೆ ಕೀರ್ತಿಯಲ್ಲಿ ಕಾಲೇಜಿಗೂ ಪಾಲು ಹೋಗುತ್ತದಲ್ಲ.

ಕುಕ್ಕರ್ ಅವರ ಹೆಂಡತಿಯದು. ಬೊಂಬಾಯಿಯ ತಮ್ಮ ತಂದುಕೊಟ್ಟದ್ದು, ಮನೆಗೆ ಬಂದು ಆರು ತಿಂಗಳಾಗಿತ್ತು. ಅದು ಪ್ರಯೋಗಕ್ಕೆ ಹೋಯಿತು. ಹೆಂಡತಿ ಮತ್ತೆ ಮಣ್ಣಿನ ಪಾತ್ರೆಯಲ್ಲಿ ಬೇಳೆ ಬೇಯಿಸತೊಡಗಿದರು. ಅಡಿಗೆಕೋಣೆಗೆ ತಾಗಿದ ಉಗ್ರಾಣದಲ್ಲಿ ಒಂದು ಹಳೆಯ ಮೀನಿನ ಗಾಜಿನ ತೊಟ್ಟಿಯನ್ನು ಅಡ್ಡ ಮಲಗಿಸಿ, ಬಾಯಿಗೆ ಬಟ್ಟೆ ಕಟ್ಟಿ, ಕೈ ತೂರಿಸಲು ಎರಡು ತೋಳು ಹೊಲಿಸಿ ಪ್ರಯೋಗದ ಪೆಟ್ಟಿಗೆ ಮಾಡಿದರು. ಹೊಲಿದದ್ದೂ ಹೆಂಡತಿಯೇ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಬೇಕು. ಯಾರೂ ಹಾಗೆಂದು ಆಜ್ಞೆ ಮಾಡಿರಲಿಲ್ಲ. “ಶನಿವಾರ ನಿಮಗೆ ಎಂತ ಕೆಲಸ?” ಎಂದು ಕೇಳಿದ್ದರು, ಅಷ್ಟೆ.

ಆ ಹೆಂಗಸನ್ನು ನಾನು ಅಕ್ಕ ಎನ್ನುತ್ತಿದ್ದೆ. ಕಾರ್ಕಳದ ಕಡೆಯವರು, ಮನೆಮಾತು ತುಳು, ಕಾಲೇಜಿನವನೆಂದು ನನ್ನೊಡನೆ ಮಾತ್ರ ಕನ್ನಡ. ಅವರು ನನ್ನನ್ನು “ಪೊರ್ಬುಗಳೇ” ಎಂದು ಕರೆಯುತ್ತಿದ್ದರು. ನಮ್ಮ ಊರಿನಲ್ಲಿ ಕ್ರಿಸ್ತುವರಿಗೆ ಎಲ್ಲರೂ ಹೇಳುವುದು ಹಾಗೆಯೇ. ಆದರೆ ಅವರ ಬಾಯಲ್ಲಿ ಅದು ನನಗೊಂದು ಬಿರುದು ಕೊಟ್ಟ ಹಾಗೆ ಕೇಳುತ್ತಿತ್ತು.

ಮೊದಲ ಶನಿವಾರ ಹತ್ತು ಬೀಜ ಹಾಕಿದ್ದೆವು. ನಾನು ಸೀಸೆಗಳನ್ನು ಸಾಲಾಗಿ ಇಡುತ್ತಿದ್ದೆ. ಅಕ್ಕ ಅಡಿಗೆಕೋಣೆಯ ಬಾಗಿಲಲ್ಲಿ ನಿಂತು ನೋಡಿ, “ನಮ್ಮ ಕಾರ್ಕಳದ ಮನೆಯಲ್ಲಿ ಮಿಡಿ ಉಪ್ಪಿನಕಾಯಿ ಹಾಕುವಾಗಲೂ ಹೀಗೆಯೇ. ಒಂದು ತೊಟ್ಟು ನೀರು ತಾಗಬಾರದು. ಅಮ್ಮ ಭರಣಿ ತೆಗೆದರೆಂದರೆ ಅಪ್ಪನನ್ನು…” ಎಂದರು.

“ಇದು ಉಪ್ಪಿನಕಾಯಿ ಅಲ್ಲ ಮಾರಾಯ್ತಿ!” ಎಂದು ಇವರು ಮಾತು ಕಡಿದರು. “ಸಸ್ಯ ಅಂಗಾಂಶ ಕೃಷಿ!” ಹಾಗೆಂದು ನನ್ನ ಕಡೆ ನೋಡಿದರು. ನೋಡಿದ್ದೇಕೆಂದು ನನಗೆ ಗೊತ್ತಾಯಿತು. ನಾನು ನಕ್ಕೆ. ಸಣ್ಣ ನಗೆಯಲ್ಲ, ಭುಜ ಕುಣಿಸಿ ನಕ್ಕೆ. ಅಕ್ಕ ಒಳಗೆ ಹೋದರು.

ಎಂಟನೆಯ ದಿನ ಹತ್ತು ಸೀಸೆಗೂ ಬೂಷ್ಟು. ಬೂದು ಹಸಿರು ಚುಕ್ಕೆ, ಸುತ್ತ ಹಳದಿ ಅಂಚು.

ತಪ್ಪು ಯಾರದು ಎಂಬ ವಿಚಾರಣೆ ಆಯಿತು. ಮೊದಲ ಆರೋಪಿ ದೋಸೆಯ ಹಿಟ್ಟು. ಪಕ್ಕದ ಕೋಣೆಯಲ್ಲಿ ಹಿಟ್ಟು ಹುಳಿ ಬರುತ್ತಿದ್ದರೆ ಗಾಳಿಯಲ್ಲಿ ಹುದುಗು ಹಾರಾಡುತ್ತದೆ, ಅದೇ ಸೀಸೆಗೆ ಹೋಗುತ್ತದೆ ಎಂದು ತೀರ್ಮಾನಿಸಿದರು. ಅಂದಿನಿಂದ ಆ ಮನೆಯಲ್ಲಿ ಹಿಟ್ಟು ಅರೆದು ಇಡುವ ಹಾಗಿಲ್ಲ. ದೋಸೆ ಇಲ್ಲ, ಇಡ್ಲಿ ಇಲ್ಲ.

“ಉಡುಪಿಯಲ್ಲಿ ಇದ್ದುಕೊಂಡು ಮನೆಯಲ್ಲಿ ದೋಸೆ ಇಲ್ಲ ಅಂದರೆ, ಬಂದವರಿಗೆ ಎಂತ ಹೇಳುವುದು?” ಎಂದು ಅಕ್ಕ ಕೇಳಿದರು.

“ಅವಲಕ್ಕಿ ಉಂಟು ಎಂದು ಹೇಳು.”

“ನೀವು?”

“ನನ್ನದು ನಾನು ನೋಡಿಕೊಳ್ಳುತ್ತೇನೆ.”

ನೋಡಿಕೊಂಡರು. ಭಾನುವಾರ ಬೆಳಿಗ್ಗೆ ಉಡುಪಿಗೆ ಇಳಿದು ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದು ಬರುತ್ತಿದ್ದರು. ಒಂದು ಸಲ ನನಗೇ ಎದುರು ಸಿಕ್ಕಿದರು. ಬಾಯಿ ಒರೆಸುತ್ತಾ “ಇಲ್ಲಿ ಗಾಳಿ ಬೇರೆ” ಎಂದರು.

ಹಿಟ್ಟು ಹೋದರೂ ಬೂಷ್ಟು ಹೋಗಲಿಲ್ಲ. ಎರಡನೆಯ ಹತ್ತು ಬೀಜವೂ ಹೋಯಿತು. ಆಗ ಎರಡನೆಯ ಆರೋಪಿಯಾಗಿ ನಾನು ಸಿಕ್ಕಿದೆ. “ನೀವು ಮೀನು ತಿಂದ ಕೈಯಲ್ಲಿ ಸೀಸೆ ಮುಟ್ಟುತ್ತೀರಿ. ಅದು ಎಷ್ಟು ತೊಳೆದರೂ ಹೋಗುವಂಥದ್ದಲ್ಲ” ಎಂದರು. ವಿಜ್ಞಾನದ ಬಾಯಲ್ಲಿ ಕೇಳಿದ್ದರಿಂದ ಅದು ಯಾವ ಹಳೆಯ ಮಾತು ಎಂದು ನನಗೆ ತಟ್ಟನೆ ಹೊಳೆಯಲಿಲ್ಲ. ಬಸ್ಸು ಕಟಪಾಡಿ ದಾಟಿದ ಮೇಲೆ ಹೊಳೆಯಿತು. ಹೊಳೆದರೂ ಶನಿವಾರ ಮೀನು ಬಿಟ್ಟೆ. ಕಾಪುವಿನ ಕಡಲ ಬದಿಯ ಮನೆಯಲ್ಲಿ ಮಗ ತಟ್ಟೆಯಿಂದ ಬಂಗುಡೆಯನ್ನು ದೂರ ತಳ್ಳಿದ್ದನ್ನು ಕಂಡು ಅಮ್ಮ ಹಣೆ ಮುಟ್ಟಿ ನೋಡಿದಳು. “ಜ್ವರವೋ, ಹರಕೆಯೋ?” ಎಂದಳು. “ಖಾಯಂ” ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಒಂದು ತುಂಡು ಹೆಚ್ಚಾಗಿ ತಂಗಿಗೆ ಹಾಕಿದಳು.

ತಲೆಗೆ ಎಣ್ಣೆ ಹಾಕುವುದು ನಿಲ್ಲಿಸಿದೆ. ಅಲ್ಲಿ ಮತ್ತೊಮ್ಮೆ ಸ್ನಾನ. ಮೂಗು ಬಾಯಿಗೆ ಅವರ ಹಳೆಯ ಪಂಚೆಯ ತುಂಡು. ಮೇ ತಿಂಗಳಿನಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಎರಡು ಸ್ಪಿರಿಟ್ ದೀಪ ಹಚ್ಚಿ ಕೂತರೆ ನಾವಿಬ್ಬರೂ ಕುಕ್ಕರಿನೊಳಗೇ ಕೂತ ಹಾಗೆ.

ನ್ಯಾಯವಾಗಿ ಒಂದು ಹೇಳಬೇಕು. ಮೂರನೆಯ ಸಲ ಒಂದು ಸೀಸೆಯಲ್ಲಿ ಬೀಜ ಒಡೆಯಿತು. ಸೂಜಿಯ ಮೊನೆಯಷ್ಟು ಹಸಿರು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು “ತೂಲಾ, ತೂಲಾ” ಎಂದು ಹೆಂಡತಿಯನ್ನು ಕರೆದರು. ನೋಡು, ನೋಡು ಎಂದು. ಡಬ್ಬಿ ತಟ್ಟುವುದನ್ನು ಮರೆತ ಅವರ ಮುಖ ಸಣ್ಣ ಹುಡುಗನದಾಗಿತ್ತು. ಅಕ್ಕ ಸೆರಗಿಗೆ ಕೈ ಒರೆಸುತ್ತಾ ಬಂದು ನೋಡಿ, “ಚೆಂದ ಉಂಟು” ಎಂದರು. ಅಂಥ ಮುಖ ಅವರಿಗಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾಲ್ಕನೆಯ ದಿನ ಆ ಹಸಿರು ಬೂಷ್ಟಿನಲ್ಲಿ ಮುಳುಗಿತು. ಅವರ ಮುಖ ಮೊದಲಿನಂತಾಯಿತು. ಅಕ್ಕ ಹಿಟ್ಟನ್ನು ಎಲ್ಲಿಯೋ ಕದ್ದು ಅರೆದಿಟ್ಟಿರಬೇಕೆಂದು ಹೇಳಿ ಅಡಿಗೆಕೋಣೆಯ ಕಪಾಟುಗಳನ್ನು ಒಂದೊಂದಾಗಿ ತೆಗೆದು ನೋಡಿದರು. ನಾನು ಚಿಮಟ ಹಿಡಿದು ನಿಂತಿದ್ದೆ.

ಆ ಮಳೆಗಾಲದಲ್ಲಿ ನನಗೆ ನಿಜ ಗೊತ್ತಾಯಿತು. ಪ್ರಯೋಗಕ್ಕೆ ಕೂರುವ ಮುಂಚೆ ಅವರು ಏಕಾಗ್ರತೆಗೆಂದು ಒಂದು ಚಿಟಿಕೆ ಏರಿಸುತ್ತಿದ್ದರು. ಬೆರಳನ್ನು ಕರವಸ್ತ್ರಕ್ಕೆ ಒರೆಸಿ, ಒಮ್ಮೆ ಸ್ಪಿರಿಟ್ಟಿಗೆ ತಾಗಿಸಿ, ಕೈಯನ್ನು ಪೆಟ್ಟಿಗೆಗೆ ತೂರಿಸುತ್ತಿದ್ದರು. ಒಂದು ಶನಿವಾರ ಯಾರೋ ಬಂದರೆಂದು ಅವರು ಹೊರಗೆ ಹೋದಾಗ ನಾನು ಮೇಜು ಒರೆಸುತ್ತಿದ್ದೆ. ಬಟ್ಟೆಯ ತೋಳಿನ ಅಂಚಿನಲ್ಲಿ ಕಂದು ಪುಡಿ ಕೂತಿತ್ತು. ತೋಳಿನ ಒಳಗೂ ಕೂತಿತ್ತು. ಮಳೆಯ ತೇವಕ್ಕೆ ಡಬ್ಬಿಯ ನಶ್ಯವೇ ಗಂಟು ಕಟ್ಟಿತ್ತು.

ನನ್ನಂಥ ಹೆದರುಪುಕ್ಕಲರಿಗೆ ಒಂದು ಗುಣ ಉಂಟು. ಯಾವುದನ್ನೂ ನಂಬುವುದಿಲ್ಲ, ಕಣ್ಣಿನಲ್ಲಿ ಕಂಡದ್ದನ್ನೂ. ಆ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಕಾಲೇಜಿನಲ್ಲಿ ಮೂರು ಸೀಸೆ ಲೋಳೆ ಮಾಡಿದೆ. ಒಂದಕ್ಕೆ ಅಮ್ಮನ ದೋಸೆ ಹಿಟ್ಟಿನ ಒಂದು ಹನಿ. ಒಂದಕ್ಕೆ ಬಂಗುಡೆ ತಿಂದ ನನ್ನ ಬೆರಳು. ಒಂದಕ್ಕೆ ನಶ್ಯ. ವಾರದ ನಂತರ ತೆಗೆದರೆ ಹಿಟ್ಟಿನದ್ದರಲ್ಲಿ ಬಿಳಿ ಕೆನೆ, ಹುಳಿ ವಾಸನೆ. ಬೆರಳಿನದ್ದರಲ್ಲಿ ಒಂದಿಷ್ಟು ಹಳದಿ ಲೋಳೆ, ಗಬ್ಬು. ನಶ್ಯದ್ದರಲ್ಲಿ ಬೂದು ಹಸಿರು ಚುಕ್ಕೆ, ಸುತ್ತ ಹಳದಿ ಅಂಚು. ಮೂವತ್ತು ಸಲ ನೋಡಿದ ಮುಖ, ಗುರುತು ಸಿಗದೆ ಇರುತ್ತದೆಯೇ.

ಇನ್ನೂ ಮೂವತ್ತು ಬೀಜ ಉಳಿದಿತ್ತು. ನನ್ನ ಖಾಯಂ ಆಗುವ ವರ್ಷವೂ ಅದೇ ಆಗಿತ್ತು.

ಪ್ರತಿದಿನ ಕಾಪುವಿನಲ್ಲಿ ಬಸ್ಸು ಹತ್ತುವಾಗ ನಿರ್ಧಾರ ಮಾಡುತ್ತಿದ್ದೆ: ‘ಸರ್, ನಿಮ್ಮ ನಶ್ಯದಿಂದಲೇ ಹೀಗಾಗುವುದು.’ ಕಟಪಾಡಿಯಲ್ಲಿ ಅದು ‘ಸರ್, ನಶ್ಯದಿಂದಲೂ ಆಗಬಹುದೋ ಏನೋ’ ಎಂದಾಗುತ್ತಿತ್ತು. ಉದ್ಯಾವರದ ಸೇತುವೆಯ ಮೇಲೆ ‘ಸರ್, ಈ ಬೂಷ್ಟು ಎಲ್ಲಿಂದ ಬರುತ್ತದೋ’. ಉಡುಪಿಯಲ್ಲಿ ಇಳಿದು ಅವರ ಮುಂದೆ ನಿಂತಾಗ ಬಾಯಿಂದ ಬರುತ್ತಿದ್ದದ್ದು ‘ನಮಸ್ಕಾರ ಸರ್’ ಮಾತ್ರ. ಹೀಗೆ ದಿನಕ್ಕೊಂದು ಸಲ ಹದಿಮೂರು ಕಿಲೋಮೀಟರಿನಲ್ಲಿ ಒಬ್ಬ ಮನುಷ್ಯ ಕರಗಿ ಹೋಗುತ್ತಿದ್ದ. ಉಳಿದ ಮೂವತ್ತು ಬೀಜವೂ ಹೋಯಿತು. ಪ್ರತಿ ಸಲವೂ ಅಕ್ಕನಿಗೆ ಬೈಗುಳ. ಪ್ರತಿ ಸಲವೂ ನಾನು ಅಲ್ಲಿಯೇ ಇದ್ದೆ.

ಆದರೆ ಡಿಸೆಂಬರಿನ ಕಾಲೇಜು ಪ್ರದರ್ಶನದಲ್ಲಿ ‘ಮನೆಯಲ್ಲೇ ಸೀಸೆಯೊಳಗೆ ಬೆಳೆಸಿದ ಕೀಟಭಕ್ಷಕ ಸಸ್ಯ’ವನ್ನು ಇಡುತ್ತೇನೆಂದು ಅವರು ಆಡಳಿತದವರಿಗೆ ಹೇಳಿ ಆಗಿತ್ತು. ಆಮಂತ್ರಣ ಪತ್ರದಲ್ಲಿ ಅಚ್ಚಾಗಿತ್ತು. ಪ್ರದರ್ಶನಕ್ಕೆ ಎರಡು ದಿನವಿದ್ದಾಗ ನನ್ನನ್ನು ಕೋಣೆಗೆ ಕರೆದರು. ಡಬ್ಬಿ ತಟ್ಟಿದರು, ಎಳೆದರು, ಒರೆಸಿದರು.

“ಆ ಕಾಟು ಗಿಡ ಎಲ್ಲಿ ಉಂಟು ಎಂದಿರಿ?”

“ಈಗ ಪಾದೆಯೆಲ್ಲ ಒಣಗಿರಬಹುದು ಸರ್. ಅಜೆಕಾರಿನ ಕಡೆ ಒರತೆ ಇರುವಲ್ಲಿ ಇದ್ದರೆ ಉಂಟು.”

“ಎಂಟು ಸೀಸೆ ಸಾಕು. ಬೇರು ತೊಳೆದು ತನ್ನಿ.” ಮತ್ತೆ ಸ್ವಲ್ಪ ತಡೆದು, “ನಿಮ್ಮ ಖಾಯಂ ಕಾಗದ ನನ್ನ ಮೇಜಿನ ಮೇಲೆಯೇ ಉಂಟು” ಎಂದರು. ಬೆದರಿಕೆಯ ಧ್ವನಿಯಲ್ಲಲ್ಲ. ಕೊಡೆ ಮೂಲೆಯಲ್ಲಿ ಉಂಟು ಎನ್ನುವ ಹಾಗೆ.

ಮರುದಿನ ಬೆಳಿಗ್ಗೆ ಅಜೆಕಾರಿನ ಒಂದು ಪಾದೆಯ ಮೇಲೆ ತಗಡಿನ ಡಬ್ಬಿ ಇಟ್ಟುಕೊಂಡು ಕುಕ್ಕುರುಗಾಲಿನಲ್ಲಿ ಕೂತು, ಚಿಮಟದಿಂದ ಆ ಕೆಂಪು ಗಿಡಗಳನ್ನು ಒಂದೊಂದಾಗಿ ಎಬ್ಬಿಸಿದೆ. ಕಾಲೇಜಿಗೆ ತಂದು ಸೀಸೆಯ ಲೋಳೆಯಲ್ಲಿ ನೆಟ್ಟೆ. ನಾನು ಮಾಡಿದ ಕೆಲಸಗಳಲ್ಲಿ ಅತ್ಯಂತ ಅಚ್ಚುಕಟ್ಟಾದದ್ದು ಅದು.

ಪ್ರದರ್ಶನದ ದಿನ ಸಭೆಯಲ್ಲಿ ಅವರು ಇಪ್ಪತ್ತು ನಿಮಿಷ ಮಾತಾಡಿದರು. ಎರಡು ವರ್ಷದ ತಪಸ್ಸು ಎಂದರು. “ಶತ್ರು ಹೊರಗೆ ಇರಲಿಲ್ಲ, ನಮ್ಮ ಅಡಿಗೆಕೋಣೆಯಲ್ಲೇ ಇದ್ದ. ನನ್ನ ಮನೆಯವಳ ದೋಸೆ ಹಿಟ್ಟು! ವಿಜ್ಞಾನ ಮುಂದೆ ಹೋಗಬೇಕಾದರೆ ಇಂಥವರನ್ನು ಸ್ವಲ್ಪ ಹಿಂದೆ ಇಡಬೇಕಾಗುತ್ತದೆ” ಎಂದರು. ಸಭೆ ಗೊಳ್ಳೆಂದು ನಕ್ಕಿತು. ಅಕ್ಕ ಹೆಂಗಸರ ಮೊದಲ ಸಾಲಿನಲ್ಲಿ, ನೀಲಿ ರೇಷ್ಮೆ ಉಟ್ಟು ಕೂತಿದ್ದರು. ಅವರೂ ನಕ್ಕರು. ನಾನು ವೇದಿಕೆಯ ಬದಿಯಲ್ಲಿ ಸೀಸೆಗಳ ಮೇಜಿನ ಹಿಂದೆ ನಿಂತಿದ್ದೆ. ನಾಲಗೆ ಇತ್ತು, ಮೂರು ಸೀಸೆಯ ಸಾಕ್ಷಿ ಇತ್ತು, ಅವರಿಗೂ ನನಗೂ ನಡುವೆ ಹತ್ತು ಅಡಿ ಇತ್ತು. ಮೇಜಿನ ಬಟ್ಟೆಯನ್ನು ಸರಿ ಮಾಡಿದೆ.

ಆಮೇಲೆ ಜನ ಸಾಲಾಗಿ ನೋಡಲು ಬಂದರು. ಒಬ್ಬ ವಿದ್ಯಾರ್ಥಿನಿಯ ತಂದೆ, ಅಜೆಕಾರಿನ ಕೃಷಿಕರು, ಮೂರನೆಯ ಸೀಸೆಯ ಮುಂದೆ ನಿಂತುಬಿಟ್ಟರು. ಬಗ್ಗಿದರು. ಕನ್ನಡಕ ಹಾಕಿಕೊಂಡು ಮತ್ತೆ ಬಗ್ಗಿದರು.

“ಸರ್, ಇದರೊಳಗೆ ಧೂಳು ಸಹ ಹೋಗುವುದಿಲ್ಲ ಎಂದಿರಿ, ಅಲ್ವಾ?”

“ಒಂದು ಕಣ ಸಹ ಇಲ್ಲ” ಎಂದರು ಇವರು.

“ಮತ್ತೆ ಇರುವೆ ಹೇಗೆ ಹೋಯಿತು?”

ನಾನು ನೋಡಿದೆ. ಎಲೆಯ ಕೆಂಪು ಕೂದಲುಗಳ ನಡುವೆ ಒಂದು ಕಟ್ಟಿರುವೆ, ಆರು ಕಾಲೂ ಅಂಟಿಕೊಂಡು, ಇನ್ನೂ ಮೀಸೆ ಅಲ್ಲಾಡಿಸುತ್ತಿತ್ತು. ಅಜೆಕಾರಿನಿಂದ ನನ್ನೊಡನೆಯೇ ಬಸ್ಸಿನಲ್ಲಿ ಬಂದದ್ದು. ಸೀಸೆಯನ್ನು ಆ ಕಡೆ ತಿರುಗಿಸಲು ನಾನು ಕೈ ಚಾಚಿದೆ. ಅವರು ಮಾತ್ರ ಕಣ್ಣು ಮಿಟುಕಿಸಲಿಲ್ಲ. “ಅದು ಅದರ ಊಟ. ನಾವೇ ಹಾಕಿದ್ದು” ಎಂದರು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.

“ಊಟ ಹಾಕಲು ಮುಚ್ಚಳ ತೆಗೆಯಬೇಕಲ್ಲ?”

“ಇವರಿಗೆ ವಿವರಿಸಿ” ಎಂದು ನನಗೆ ಹೇಳಿ ಅವರು ಅತಿಥಿಗಳ ಕಡೆ ನಡೆದರು. ಅದಕ್ಕೊಂದು ವಿಶೇಷ ವಿಧಾನ ಉಂಟು ಎಂದು ನಾನು ತೊದಲಿದೆ. ಆ ಕೃಷಿಕರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹತ್ತಿರ ಬಂದು ಮೆಲ್ಲಗೆ, “ನಿನ್ನೆ ಬೆಳಿಗ್ಗೆ ನಮ್ಮ ಪಾದೆಯಲ್ಲಿ ಡಬ್ಬಿ ಇಟ್ಟುಕೊಂಡು ಕೂತದ್ದು ನೀವೇ ಅಲ್ವಾ?” ಎಂದರು. “ನಾನು ಬೇರೆ ಎಂತದ್ದಕ್ಕೋ ಕೂತದ್ದು ಅಂತ ಮುಖ ತಿರುಗಿಸಿ ಹೋದೆ ಮಾರಾಯ್ರೆ. ತಪ್ಪು ತಿಳಿಯಬೇಡಿ.” ಇಷ್ಟು ಹೇಳಿ ನಾಲ್ಕನೆಯ ಸೀಸೆಗೆ ಹೋದರು.

ಒಂದು ತಿಂಗಳಿನಲ್ಲಿ ನನ್ನ ಖಾಯಂ ಆದೇಶ ಬಂತು. ‘ತೃಪ್ತಿಕರ’ ಎಂಬಲ್ಲಿ ಈ ಸಲ ‘ಅತ್ಯಂತ’ ಎಂದೂ ಸೇರಿಸಿದ್ದರು.

ಅಮೆರಿಕದಿಂದ ಮತ್ತೆ ಲಕೋಟೆ ಬರಲಿಲ್ಲ. ಗಾಜಿನ ತೊಟ್ಟಿಯಲ್ಲಿ ಹಳೆಯ ಪರೀಕ್ಷೆಯ ಪತ್ರಿಕೆಗಳನ್ನು ತುಂಬಿಸಿಟ್ಟರು. ಪ್ರಯೋಗ ನಿಂತಿತು, ಆದರೆ ದೋಸೆಯ ನಿಷೇಧವನ್ನು ಮಾತ್ರ ತೆಗೆಯಲಿಲ್ಲ. ತೆಗೆದರೆ ಪ್ರಯೋಗ ನಿಂತಿದೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ನಿವೃತ್ತರಾದರು, ಆಗಲೂ ತೆಗೆಯಲಿಲ್ಲ. ಕೇಳಿದವರಿಗೆ “ಮುಂದುವರಿಸಲಿಕ್ಕೆ ಉಂಟು” ಎನ್ನುತ್ತಿದ್ದರು. ಹತ್ತು ವರ್ಷ, ಅವರ ಹೃದಯ ನಿಲ್ಲುವ ದಿನದವರೆಗೆ, ಆ ಮನೆಯಲ್ಲಿ ಹಿಟ್ಟು ಹುಳಿ ಬರಲಿಲ್ಲ. ಭಾನುವಾರದ ಮಸಾಲೆ ದೋಸೆ ಕೊನೆಯ ಭಾನುವಾರದವರೆಗೂ ನಡೆದಿತ್ತು ಎಂದು ಹೋಟೆಲಿನವರೇ ನನಗೆ ಹೇಳಿದರು, ಒಳ್ಳೆಯ ಗಿರಾಕಿ ಹೋದರೆಂಬ ದುಃಖದಲ್ಲಿ.

ನನಗೆ ಅವರಿಂದ ಬಂದ ಆಸ್ತಿ ಒಂದೇ. ಅವರ ಕುರ್ಚಿ ಸಿಗಲಿಲ್ಲ, ಚಟ ಸಿಕ್ಕಿತು. ಒಂಬತ್ತು ವರ್ಷ ಆ ಪುಡಿಯ ಗಾಳಿ ಕುಡಿದದ್ದಕ್ಕೋ ಏನೋ, ಅವರು ನಿವೃತ್ತರಾಗಿ ಹೋದ ಮೇಲೆ ಒಂದು ದಿನ ಚಿಂತೆ ಹೆಚ್ಚಾಗಿ ಒಂದು ಚಿಟಿಕೆ ಎಳೆದೆ. ಚಿಂತೆ ಕಡಿಮೆಯಾಗಲಿಲ್ಲ. ಚಿಟಿಕೆ ಉಳಿಯಿತು. ನನ್ನದು ಬೆಳ್ಳಿಯ ಡಬ್ಬಿಯಲ್ಲ, ತಗಡಿನದ್ದು.

ಸಂಚಿಕೆಗೆ ಅರ್ಧ ಪುಟ ಕೊಟ್ಟ ಮೇಲೆ ನಿದ್ರೆ ಬರಲಿಲ್ಲ. ಒಂದು ಭಾನುವಾರ ಕಾರ್ಕಳದ ಬಸ್ಸು ಹತ್ತಿದೆ. ಅಕ್ಕ ಈಗ ತಂಗಿಯ ಮನೆಯಲ್ಲಿದ್ದಾರೆ. ದಾರಿಯುದ್ದಕ್ಕೂ ಮಾತು ಕರಗದ ಹಾಗೆ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಒಳಗೆ ಹೋದ ಕೂಡಲೇ, ಚಪ್ಪಲಿ ಬಿಡುವ ಮೊದಲೇ ಹೇಳಿದೆ.

“ಅಕ್ಕಾ, ಆ ಸೀಸೆಗಳು ಹಾಳಾದದ್ದು ನಿಮ್ಮ ಹಿಟ್ಟಿನಿಂದ ಅಲ್ಲ.”

“ಗೊತ್ತುಂಟು” ಎಂದರು. “ಒಳಗೆ ಬನ್ನಿ.”

“ಸರ್ ನಶ್ಯ ಹಾಕುತ್ತಿದ್ದರಲ್ಲ, ಅದು…”

“ಗೊತ್ತುಂಟು ಪೊರ್ಬುಗಳೇ. ನಮ್ಮ ಅಮ್ಮ ಉಪ್ಪಿನಕಾಯಿ ಭರಣಿ ತೆಗೆದರೆಂದರೆ ಅಪ್ಪನನ್ನು ಅಡಿಗೆಕೋಣೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ನಶ್ಯದ ಕೈ. ಒಮ್ಮೆ ಅಪ್ಪ ಕಾಣದ ಹಾಗೆ ಕೈ ಹಾಕಿ ಇಡೀ ಭರಣಿ ಬೂಷ್ಟು ಬಂದಿತ್ತು. ಅದನ್ನೇ ಆ ದಿನ ಹೇಳಲಿಕ್ಕೆ ಬಂದದ್ದು.”

“ಯಾವ ದಿನ?” ಎಂದೆ. ಕೇಳಬಾರದಿತ್ತು.

“ನೀವಿಬ್ಬರೂ ನಕ್ಕಿರಲ್ಲ, ಆ ದಿನ.”

ಒಳಗಿನಿಂದ ತಂಗಿಯವರು ಕಾವಲಿಗೆ ಹಿಟ್ಟು ಹೊಯ್ದ ಸದ್ದು ಬಂತು. ಆಮೇಲಾದರೂ ಹೇಳಬಹುದಿತ್ತಲ್ಲ ಎಂದು ಕೇಳಿದೆ. ಅಕ್ಕ ನನ್ನನ್ನು ನೇರವಾಗಿ ನೋಡಿದರು.

“ನೀವು ಹೇಳಿದಿರಾ?”

“ನನಗೆ ಕೆಲಸದ ಹೆದರಿಕೆ ಅಕ್ಕಾ.”

“ನನಗೆ ಹೆದರಿಕೆ ಇರಲಿಲ್ಲ” ಎಂದರು. “ಹೇಳಿದ್ದರೆ ಅವರು ನಶ್ಯ ಬಿಡುತ್ತಿದ್ದರು. ಸೀಸೆಯಲ್ಲಿ ಗಿಡ ಆಗುತ್ತಿತ್ತು. ಗಿಡ ಆಗಿದ್ದರೆ ಮತ್ತೆ ಆ ಮನೆಯಲ್ಲಿ ಮನುಷ್ಯರು ಇರಲಿಕ್ಕೆ ಉಂಟಾ? ಪ್ರತಿ ಸೋಮವಾರ ಡಬ್ಬಿ ತುಂಬಿಸಿ ಕೊಡುತ್ತಿದ್ದದ್ದು ನಾನೇ. ಒಂದು ಸೋಮವಾರ ಸಹ ತಪ್ಪಿಸಲಿಲ್ಲ.”

ಬಾಳೆಲೆಯ ತುಂಡಿನ ಮೇಲೆ ದೋಸೆ ಬಂತು. ತೆಳ್ಳಗೆ, ತೂತು ತೂತಾಗಿ, ಹದವಾಗಿ ಹುಳಿ ಬಂದದ್ದು. ಹೊಗಳಿದೆ. ಹೊಗಳುವುದೊಂದು ನನಗೆ ಚೆನ್ನಾಗಿ ಬರುತ್ತದೆ. ಅಕ್ಕ ಕಪಾಟಿನಿಂದ ಮಿಡಿ ಉಪ್ಪಿನಕಾಯಿಯ ಭರಣಿಯನ್ನು ತಂದು ನನ್ನ ಎದುರಿಗಿಟ್ಟು ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರು. ಸೌಟು ಒಳಗೇ ಇತ್ತು. ನಾನು ಬಲಗೈ ಚಾಚಿದೆ.

ಅವರು ಭರಣಿಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

“ಇರಿ, ನೀವು ಮುಟ್ಟಬೇಡಿ” ಎಂದರು, ನನ್ನ ಅಂಗಿಯ ಕಿಸೆಯನ್ನು ನೋಡುತ್ತಾ. “ನಾನು ಬಡಿಸುತ್ತೇನೆ.”